ಎರ್ಬಿಲ್‌ನ ಕೈಸರಿ ಬಜಾರಿಗೆ ಹೋಗ್ತೀರಾ? ಮೊದಲು ಇದನ್ನು ಓದಿ

ದುಬೈನಲ್ಲಿರುವ ನಮ್ಮ ಕನ್ನಡದವರು ಕೆಲವರು ಇರಾಕಿನ ಕುರ್ದಿಸ್ತಾನದಲ್ಲಿರುವ ಎರ್ಬಿಲ್‌ಗೆ ಹೋಗುವ ಬಗ್ಗೆ ನನ್ನನ್ನು ಕೇಳುತ್ತಿದ್ದಾರೆ. ಹೋಗಿ, ಖಂಡಿತ ಹೋಗಿ. ಆದರೆ ಹಣದ ವಿಷಯದಲ್ಲಿ ನಮಗೆ ಆದದ್ದು ನಿಮಗೆ ಆಗಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿ ನಮ್ಮ ಯುಪಿಐ ನಡೆಯುವುದಿಲ್ಲ. ಬಜಾರಿನಲ್ಲಿ ಕಾರ್ಡೂ ನಡೆಯುವುದಿಲ್ಲ ಎಂದೇ ಇಟ್ಟುಕೊಳ್ಳಿ. ಡಾಲರ್ ತೆಗೆದುಕೊಂಡು ಹೋಗಿ ಇರಾಕಿ ದಿನಾರ್ ಮಾಡಿಸಬೇಕು. ಮನೆಯಲ್ಲಿ ನೂರು ಡಾಲರಿನ ಮೂರು ಹಳೆ ನೋಟು ಇದ್ದವು. ಅದನ್ನೇ ಕಿಸೆಗೆ ಹಾಕಿಕೊಂಡು ಹೊರಟೆ. ಮೊದಲ ತಪ್ಪು ಅಲ್ಲೇ ಆಯಿತು. ನೂರರ ಹೊಸ ನೋಟು 2013ರಲ್ಲಿ ಬಂತು, ಅದರ ನಡುವೆ ನೀಲಿ ಪಟ್ಟಿ ಇರುತ್ತದೆ. ಪಟ್ಟಿ ಇಲ್ಲದ ಹಳೆ ನೋಟಿಗೆ ಅಲ್ಲಿ ‘ಬಿಳಿ ಡಾಲರ್’ ಅನ್ನುತ್ತಾರೆ. ನೋಟು ಅಸಲಿಯೇ ಆಗಿದ್ದರೂ ಅದನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ತೆಗೆದುಕೊಂಡರೂ ಕಡಿಮೆ ಕೊಡುತ್ತಾರೆ.

ಎರಡನೇ ತಪ್ಪು, ನಾವು ಗುರುವಾರ ರಾತ್ರಿ ಇಳಿದದ್ದು. ಶುಕ್ರವಾರ ಬೆಳಿಗ್ಗೆ ಹೋದರೆ ಬಜಾರಿನಲ್ಲಿ ಹೆಚ್ಚಿನ ಅಂಗಡಿಗಳ ಬಾಗಿಲು ಮುಚ್ಚಿತ್ತು. ಇದ್ದದ್ದೇ ಎರಡು ದಿನ, ಅದರಲ್ಲಿ ಒಂದು ಹೀಗೆ ಹೋಯಿತು. ಶನಿವಾರ ನಮಗೆ ಅವಸರವೋ ಅವಸರ.

ಕೈಸರಿ ಬಜಾರ್ ಇರುವುದು ಕೋಟೆಯ ಬುಡದಲ್ಲಿ, ದಕ್ಷಿಣಕ್ಕೆ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕೋಟೆ ಅದು. ಬಜಾರು ಶುರುವಾದದ್ದು ಸುಮಾರು ಎಂಟು ನೂರು ವರ್ಷದ ಹಿಂದೆ, ಮುಜಫ್ಫರುದ್ದೀನ್ ಕೊಕ್ಬೂರಿ ಆಳುತ್ತಿದ್ದ ಕಾಲದಲ್ಲಿ ಅಂತ ಹೇಳುತ್ತಾರೆ. ತಲೆ ಮೇಲೆ ಚಾವಣಿ, ಕೆಳಗೆ ಕವಲೊಡೆಯುತ್ತಾ ಹೋಗುವ ಓಣಿಗಳು. ಒಂದು ಓಣಿ ತುಂಬ ಚಿನ್ನ, ಇನ್ನೊಂದರಲ್ಲಿ ಬಟ್ಟೆ, ಮತ್ತೊಂದರಲ್ಲಿ ಜೇನು, ಚೀಸು, ಒಣಹಣ್ಣು. ಬಜಾರಿನ ಸುತ್ತಮುತ್ತ ರಸ್ತೆ ಬದಿಯಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ನೋಟಿನ ಕಟ್ಟು ಜೋಡಿಸಿಕೊಂಡು ಹಣ ಬದಲಿಸುವವರು ಕೂತಿರುತ್ತಾರೆ.

ಆಗ ನೂರು ಡಾಲರಿಗೆ ಸುಮಾರು ಒಂದೂವರೆ ಲಕ್ಷ ದಿನಾರ್ ಸಿಗುತ್ತಿತ್ತು. ನನ್ನ ಬಿಳಿ ನೋಟು ನೋಡಿ ಒಬ್ಬರು ಬೇಡವೇ ಬೇಡ ಎಂದರು. ಇನ್ನೊಬ್ಬರು ಎರಡು ನೋಟಿಗೆ 2,60,000 ಕೊಡುತ್ತೇನೆ ಎಂದರು. ಅದು ನ್ಯಾಯವಾದ ಮಾತೇ ಆಗಿತ್ತು ಅಂತ ಈಗ ಅನಿಸುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಯುವಕನೊಬ್ಬ, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ನಾನು 2,80,000 ಕೊಡುತ್ತೇನೆ ಬನ್ನಿ ಎಂದು ಓಣಿಯೊಳಗೆ ಕರೆದ. ಹೋದೆವು. ಐದು ಸಾವಿರ ದಿನಾರಿನ 56 ನೋಟನ್ನು ಹೆಬ್ಬೆರಳಿನಲ್ಲಿ ಸರಸರ ಸರಿಸುತ್ತಾ ಎಣಿಸಿ ತೋರಿಸಿದ. ನಾನೂ ಎಣಿಸಿದೆ. ಸರಿಯಾಗಿ 56 ಇತ್ತು. ರಬ್ಬರ್ ಹಾಕಿ ಕೊಟ್ಟ, ಹೋದ.

ನಾನು ಎಣಿಸಿದ್ದು ನೋಟುಗಳನ್ನು, ಹಣವನ್ನಲ್ಲ.

ಇರಾಕಿನ ನೋಟಿನ ಒಂದು ಮಗ್ಗುಲಲ್ಲಿ ಅರಬ್ಬಿ ಅಂಕಿ, ಇನ್ನೊಂದು ಮಗ್ಗುಲಲ್ಲಿ ನಮಗೆ ಗೊತ್ತಿರುವ ಅಂಕಿ. ಅವನು ಕೊಟ್ಟ ಕಟ್ಟಿನಲ್ಲಿ ಎಲ್ಲ ನೋಟೂ ಅರಬ್ಬಿ ಮಗ್ಗುಲು ಮೇಲಾಗಿದ್ದವು. ಅರಬ್ಬಿಯಲ್ಲಿ ಐದನ್ನು ಹೇಗೆ ಬರೆಯುತ್ತಾರೆ ಗೊತ್ತಾ? ಥೇಟ್ ನಮ್ಮ ಕನ್ನಡದ ಸೊನ್ನೆ ‘೦’ ಥರ ಒಂದು ದುಂಡು. ಅವರ ಸೊನ್ನೆ ಬರೀ ಒಂದು ಚುಕ್ಕಿ. ಐದು ಸಾವಿರ ಅಂದರೆ ಒಂದು ದುಂಡು, ಮೂರು ಚುಕ್ಕಿ. ಐನೂರು ಅಂದರೆ ಒಂದು ದುಂಡು, ಎರಡು ಚುಕ್ಕಿ. ಕನ್ನಡ ಓದಿದ ಕಣ್ಣಿಗೆ ಎರಡೂ ಸೊನ್ನೆಗಳ ಸಾಲಿನಂತೆಯೇ ಕಾಣುತ್ತವೆ. ಎರಡು ನೋಟಿನ ಬಣ್ಣದಲ್ಲೂ ನೀಲಿಯೇ ಜಾಸ್ತಿ. ಚಾವಣಿಯ ಕೆಳಗಿನ ಮಬ್ಬು ಬೆಳಕಲ್ಲಿ, ಅವಸರದಲ್ಲಿ, ನನಗೆ ವ್ಯತ್ಯಾಸ ತಿಳಿಯಲೇ ಇಲ್ಲ.

ತಿಳಿದದ್ದು ಜೇನಿನ ಅಂಗಡಿಯಲ್ಲಿ. ಗೆಝೋ ಅಂತ ಅಲ್ಲಿ ಒಂದು ಸಿಹಿ ಸಿಗುತ್ತದೆ. ಬೆಟ್ಟದ ಓಕ್ ಮರಗಳ ಎಲೆ ಮೇಲೆ ಕೂಡುವ ಸಿಹಿ ಅಂಟಿನಿಂದ ಮಾಡಿ, ಹಿಟ್ಟಿನಲ್ಲಿ ಹೊರಳಿಸಿ ಇಟ್ಟಿರುತ್ತಾರೆ. ಅದನ್ನು ಕೊಂಡು ದುಡ್ಡು ಕೊಟ್ಟಾಗ ಅಂಗಡಿಯ ಅಜ್ಜ ನೋಟುಗಳನ್ನು ಎರಡು ಗುಂಪು ಮಾಡಿ ಗಲ್ಲೆಯ ಮೇಲೆ ಹರಡಿದರು. ಒಂದು ಗುಂಪಿನ ಮೇಲೆ ಬೆರಳಿಟ್ಟು ‘ಪೇಂಜ್ ಹಜಾರ್’ ಎಂದರು. ಇನ್ನೊಂದರ ಮೇಲೆ ಬೆರಳಿಟ್ಟು ‘ಪೇಂಜ್ ಸದ್, ಕಾಕಾ’ ಎಂದರು. ಕುರ್ದಿಷ್ ಬರದಿದ್ದರೂ ಪೇಂಜ್ ಅಂದರೆ ಪಂಚ, ಐದು ಅಂತ ತಟ್ಟನೆ ಹೊಳೆಯಿತು. (ನಮ್ಮ ಧಾರವಾಡದ ಕಡೆ ಕಾಕಾ ಅಂದರೆ ಚಿಕ್ಕಪ್ಪ. ಅಲ್ಲಿ ಅದು ಅಣ್ಣ ಅನ್ನುವ ಹಾಗೆ.) ಹೆಂಡತಿ ಉಳಿದ ಕಟ್ಟನ್ನೂ ತಿರುಗಿಸಿ ನೋಡಿದಳು. ಒಟ್ಟು 16 ನೋಟು ಐನೂರರವು. 72,000 ದಿನಾರ್ ಹೋಗಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಸಾವಿರ ರೂಪಾಯಿ. ಅವಳ ಮುಖ ಸಣ್ಣದಾಯಿತು. ಅಜ್ಜ ಸಣ್ಣ ಗಾಜಿನ ಲೋಟದಲ್ಲಿ ಚಹಾ ತರಿಸಿ ಕೂರಿಸಿದರು. ದುಡ್ಡು ಕೊಡಲು ಹೋದರೆ ಎದೆ ಮೇಲೆ ಕೈ ಇಟ್ಟು ಬೇಡ ಎಂದುಬಿಟ್ಟರು.

ಅದಕ್ಕೇ ಹೇಳುತ್ತೇನೆ, ಆ ಬಜಾರಿನವರು ಮೋಸಗಾರರು ಅಂತ ಯಾರೂ ತಿಳಿಯಬೇಡಿ. 2024ರ ಮೇ ತಿಂಗಳಲ್ಲಿ ಕೋಟೆಯ ಬುಡದ ಈ ಹಳೇ ಪೇಟೆಯಲ್ಲೇ ಬೆಂಕಿ ಬಿದ್ದು ಇನ್ನೂರಕ್ಕೂ ಜಾಸ್ತಿ ಅಂಗಡಿ ಸುಟ್ಟುಹೋದವು. ಕಷ್ಟಪಟ್ಟು ಬದುಕುತ್ತಿರುವ ಜನ. ಒಬ್ಬನ ಕೆಲಸಕ್ಕೆ ಸುಮ್ನೆ ಎಲ್ಲರಿಗೂ ಹೆಸರು ಕೆಡುವುದು ತಪ್ಪು ಅಲ್ವಾ?

ನೀವು ಮಾತ್ರ ಕೂತು ವ್ಯಾಪಾರ ಮಾಡುವವರ ಹತ್ತಿರವೇ ಹಣ ಬದಲಿಸಿ. ಓಣಿಯೊಳಗೆ ಕರೆದರೆ ಹೋಗಬೇಡಿ, ಎಷ್ಟೇ ಜಾಸ್ತಿ ಕೊಡುತ್ತೇನೆ ಎಂದರೂ. ನೋಟನ್ನು ಒಂದೊಂದಾಗಿ ತಿರುಗಿಸಿ, ನಮಗೆ ಓದಲು ಬರುವ ಮಗ್ಗುಲು ನೋಡಿ ಎಣಿಸಿ. ಅವಸರ ಮಾಡಿದರೆ ಡಾಲರ್ ವಾಪಸ್ ಕೇಳಿ. ಬೆಲೆಯ ಚೀಟಿಯಲ್ಲೂ ಅರಬ್ಬಿ ಅಂಕಿ ಇರಬಹುದು, ಆದ್ದರಿಂದ ವಿಮಾನದಲ್ಲೇ ಹತ್ತು ಅಂಕಿ ಕಲಿತುಬಿಡಿ. ಏಳು ಅಂದರೆ ಮೇಲಕ್ಕೆ ತೆರೆದ ಕವಲು, ಎಂಟು ಅಂದರೆ ಗುಡಿಸಲಿನ ಚಾವಣಿ. ಅರ್ಧ ಗಂಟೆಯ ಕೆಲಸ, ಅಷ್ಟೇ.

ಉಳಿದಿದ್ದ ಮೂರನೇ ಬಿಳಿ ನೋಟನ್ನು ವಾಪಸ್ ಬಂದ ಮೇಲೆ ದುಬೈನಲ್ಲಿ, ಮನೆ ಹತ್ತಿರದ ಅಂಗಡಿಯಲ್ಲಿ ಕೊಟ್ಟೆ. ಒಂದು ಮಾತೂ ಕೇಳದೆ ಪೂರ್ತಿ ಬೆಲೆಗೆ ತೆಗೆದುಕೊಂಡರು. ಹೊರಡುವ ಮುಂಚೆ ಅಲ್ಲೇ ಮೂರನ್ನೂ ಹೊಸ ನೋಟಿಗೆ ಬದಲಿಸಿಕೊಳ್ಳಬಹುದಿತ್ತು.