ಸಿರ್ಸಿಯಲ್ಲಿ ಸಿಕ್ಕ ಹಳೇ ರೇಡಿಯೋ ಕಿಟ್: ದುಡ್ಡು ಕೊಡುವುದಿದ್ದರೆ ಕಾಯಿಲ್‌ಗೆ ಕೊಡಿ

ಮೊದಲೇ ಹೇಳಿಬಿಡುತ್ತೇನೆ, ಬಿಡಿಭಾಗ ಜೋಡಿಸಿ ನಾವೇ ರೇಡಿಯೋ ಕಟ್ಟುವ ಈ ಕಿಟ್ ತೆಗೆದುಕೊಳ್ಳಬಹುದು. ಆದರೆ ಟ್ರಾನ್ಸಿಸ್ಟರ್ ಆಸೆಗೆ ಬೇಡ.

ಸಿರ್ಸಿ ಪೇಟೆಯಲ್ಲಿ ಒಂದು ಹಳೇ ರಿಪೇರಿ ಅಂಗಡಿಯವರು ಅಟ್ಟ ಖಾಲಿ ಮಾಡುತ್ತಿದ್ದರು, ಅಲ್ಲಿ ಸಿಕ್ಕಿತು. ಆರು ಟ್ರಾನ್ಸಿಸ್ಟರ್‌ನ ಮೀಡಿಯಂ ವೇವ್ ಸೆಟ್, 850 ರೂಪಾಯಿ. ಚೌಕಾಸಿ ಮಾಡಿದ್ದರೆ ಇಳಿಯುತ್ತಿತ್ತೇನೋ, ಆದರೆ ಹಳದಿ, ಬಿಳಿ, ಕಪ್ಪು ಮೂರೂ ಐಎಫ್‌ಟಿ (ಐಎಫ್ ಅನ್ನುವ ಒಳಗಿನ ಸ್ಥಿರ ಆವರ್ತನಕ್ಕೆ ಟ್ಯೂನ್ ಆಗುವ ಕಾಯಿಲ್), ಜೊತೆಗೆ ಸೆಟ್ಟಿನೊಳಗೇ ಅಲೆ ಹುಟ್ಟಿಸುವ ಕೆಂಪು ಆಸಿಲೇಟರ್ ಕಾಯಿಲ್, ಎಲ್ಲ ಪ್ಯಾಕೆಟ್ ಒಡೆಯದೇ ಇರುವುದು ಕಂಡ ಮೇಲೆ ಚೌಕಾಸಿಗೆ ಬಾಯೇ ಬರಲಿಲ್ಲ. ಈಗ ಒಂದೇ ಸೆಟ್‌ನ ಕಾಯಿಲ್, ಅದಕ್ಕೆ ಹೊಂದುವ ಗ್ಯಾಂಗ್ (ಸ್ಟೇಷನ್ ತಿರುಗಿಸುವ ಕೆಪಾಸಿಟರ್), ಆಂಟೆನಾ ಆಗುವ ಫೆರೈಟ್ ರಾಡ್ ಒಟ್ಟಿಗೆ ಸಿಗುವುದು ಕಷ್ಟ. ಉಳಿದದ್ದೆಲ್ಲ ಎಲ್ಲಾದರೂ ಸಿಗುತ್ತದೆ ಬಿಡಿ.

ಟ್ರಾನ್ಸಿಸ್ಟರ್‌ಗಳು ಆ ಕಾಲದ ಮಾಮೂಲಿ ಸಾಲು. ಸ್ಟೇಷನ್ ಹಿಡಿಯುವ ಮುಂಭಾಗಕ್ಕೆ ಬಿಎಫ್194, ಬಿಎಫ್195, ಔಟ್‌ಪುಟ್ ಹಿಂದಿನ ಡ್ರೈವರ್‌ಗೆ ಬಿಸಿ148, ಸ್ಪೀಕರ್ ನಡೆಸುವ ಔಟ್‌ಪುಟ್‌ಗೆ ಎಸಿ187 ಮತ್ತು ಎಸಿ188 ಜರ್ಮೇನಿಯಂ ಜೋಡಿ. ಬಿಎಫ್194ರ ಕಾಲುಗಳ ಕ್ರಮ ಈಗಿನ ಮಾಮೂಲಿ ಬಿಸಿ547ರ ಹಾಗಿಲ್ಲ, ಹಾಳೆ ನೋಡಿಯೇ ಕೂರಿಸಿ. ಅಲೆಯಿಂದ ದನಿ ಬೇರ್ಪಡಿಸುವ ಡಿಟೆಕ್ಟರ್‌ಗೆ ಕೊಟ್ಟ ಓಎ79 ಜರ್ಮೇನಿಯಂ ಡಯೋಡ್ ಬದಲು ಸುಮ್ನೆ 1ಎನ್4148 ಸಿಲಿಕಾನ್ ಡಯೋಡ್ ಹಾಕಬೇಡಿ. ಸಿಲಿಕಾನ್‌ಗೆ 0.6 ವೋಲ್ಟ್ ಆಸುಪಾಸು ಬೇಕು, ಜರ್ಮೇನಿಯಂ 0.2ಕ್ಕೇ ಎದ್ದು ಕೂರುತ್ತದೆ, ಸಣ್ಣ ಸ್ಟೇಷನ್ ಕೇಳಬೇಕಾದರೆ ಆ ವ್ಯತ್ಯಾಸವೇ ಎಲ್ಲ.

ಇನ್ನು ಬೇಜಾರಿನ ಸಂಗತಿ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಂದೂ ಉಳಿದಿಲ್ಲ, ಒಣಗಿ ಹೋಗಿವೆ. ಎಲ್ಲವನ್ನೂ ಹೊಸದು ಹಾಕಿ, ಖರ್ಚು ಏನೂ ಜಾಸ್ತಿ ಇಲ್ಲ. ನಮ್ಮ ಮಳೆಗಾಲದ ತೇವಕ್ಕೆ ರೆಸಿಸ್ಟರ್ ಕಾಲುಗಳು ಕಪ್ಪಾಗಿದ್ದವು, ಬ್ಲೇಡಿನಲ್ಲಿ ಕೆರೆಯದೆ ಬೆಸುಗೆ ಹಿಡಿಯುವುದೇ ಇಲ್ಲ. ಕರಾವಳಿ ಕಡೆ ಇಟ್ಟ ಡಬ್ಬಿಯಾದರೆ ಇನ್ನೂ ಹಾಳಾಗಿರುತ್ತದೆ. ಬೋರ್ಡ್ ಹಳೇ ಕಂದು ಬಣ್ಣದ್ದು, 25 ವ್ಯಾಟ್ ಐರನ್ ಸಾಕು. ಹೆಚ್ಚು ಹೊತ್ತು ಒತ್ತಿ ಹಿಡಿದರೆ ತಾಮ್ರದ ಗೆರೆ ಎದ್ದು ಬರುತ್ತದೆ.

ಕಿಟ್ ಜೊತೆ ಬಂದ ಹಾಳೆಗೆ ಪೂರ್ತಿ ಮಾರ್ಕು. ಇಂಗ್ಲಿಷಿನಲ್ಲಿದೆ ಅನ್ನುವುದು ಬಿಟ್ಟರೆ ಬುದ್ಧಿವಂತರು ಬರೆದದ್ದು. ಸ್ಪೀಕರ್ ಕಡೆಯಿಂದ ಹಿಂದಕ್ಕೆ ಕಟ್ಟುತ್ತಾ ಬನ್ನಿ ಅನ್ನುತ್ತದೆ. ಆಡಿಯೋ ಭಾಗ ಮುಗಿಸಿ ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಬೆರಳು ತಾಗಿಸಿದರೆ ಗುಂಯ್ ಅನ್ನಬೇಕು. ಅನ್ನದಿದ್ದರೆ ಮುಂದೆ ಹೋಗಬೇಡಿ.

ಆಸಿಲೇಟರ್ ಓಡುತ್ತಿದೆಯಾ ಅಂತ ತಿಳಿಯಲು ಒಂದು ಹಳೇ ಉಪಾಯವಿದೆ. ಪಕ್ಕದಲ್ಲಿ ಇನ್ನೊಂದು ರೇಡಿಯೋ ಇಟ್ಟು 1220 ಕಿಲೋಹರ್ಟ್ಸ್‌ಗೆ ತಿರುಗಿಸಿ, ಕಿಟ್‌ನ ಗ್ಯಾಂಗ್ ನಿಧಾನ ಸುತ್ತಿಸಿ. ಧಾರವಾಡ ಆಕಾಶವಾಣಿ 765ರಲ್ಲಿದೆ, ಆಸಿಲೇಟರ್ ಕೇಳುವ ಸ್ಟೇಷನ್‌ಗಿಂತ ಐಎಫ್‌ನಷ್ಟು ಮೇಲೆ ಓಡಬೇಕು, ಹಾಗಾಗಿ 765ಕ್ಕೆ ಐಎಫ್‌ನ 455 ಕೂಡಿಸಿದರೆ 1220. ಕಿಟ್‌ನ ಆಸಿಲೇಟರ್ ಅಲ್ಲಿಗೆ ಬಂದಾಗ ಆ ರೇಡಿಯೋದ ಗೊರಗೊರ ಒಮ್ಮೆಲೇ ಅಡಗುತ್ತದೆ ಅಥವಾ ಸಿಳ್ಳೆ ಹೊಡೆಯುತ್ತದೆ. ಪರೀಕ್ಷೆಗೆ ಅಲೆ ಕೊಡುವ ಸಿಗ್ನಲ್ ಜನರೇಟರ್ ಇಲ್ಲದವರಿಗೆ ಇಷ್ಟು ಸಾಕು, ಮುಂದೆ ಕಾಯಿಲ್‌ಗಳನ್ನು ಹೊಂದಿಸುವ ಅಲೈನ್‌ಮೆಂಟ್‌ಗೆ ಧಾರವಾಡವೇ ಜನರೇಟರ್. ಐಎಫ್‌ಟಿ ನಡುವೆ ತಿರುಗಿಸಿ ಹೊಂದಿಸುವ ಕೋರ್‌ಗೆ ಕಬ್ಬಿಣದ ಸ್ಕ್ರೂಡ್ರೈವರ್ ಹಾಕಬೇಡಿ, ಬಿರುಕು ಬಿಟ್ಟರೆ ಕಥೆ ಮುಗಿಯಿತು. ಪ್ಲಾಸ್ಟಿಕ್ ಕಡ್ಡಿ ಕೆತ್ತಿಕೊಳ್ಳಿ.

ಕೇಳುವುದು ಹೇಗಿದೆ? ಧಾರವಾಡ ಸಿರ್ಸಿಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ರಾಡ್ ತನ್ನ ಮಗ್ಗುಲಿಂದ ಬರುವ ಅಲೆಯನ್ನೇ ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ಅದು ಪೂರ್ವ-ಪಶ್ಚಿಮವಾಗಿ ಮಲಗಿದ್ದರೆ ದನಿ ತುಂಬಿ ಬರುತ್ತದೆ, ಸೆಟ್ಟನ್ನು ಅಡ್ಡ ತಿರುಗಿಸಿದರೆ ಸೊರಗುತ್ತದೆ. ಎಲ್‌ಇಡಿ ಬಲ್ಬ್ ಹತ್ತಿರ ಇಟ್ಟರೆ ಬರೀ ಜರ್ರ್. ಕರೆಂಟ್ ಹೋದಾಗ ಅತಿ ಚೆನ್ನಾಗಿ ಕೇಳುತ್ತದೆ, ನಮ್ಮಲ್ಲಿ ಅದಕ್ಕೇನೂ ಬರವಿಲ್ಲ ಅಲ್ವಾ. ರಾತ್ರಿ ದೂರದ ಸ್ಟೇಷನ್‌ಗಳೂ ಬರುತ್ತವೆ, ಒಂದರ ಮೇಲೊಂದು ಹತ್ತಿಕೊಂಡು. ಕಾರವಾರ ಆಕಾಶವಾಣಿ ಬೇಕು ಅನ್ನುವವರಿಗೆ ಈ ಸೆಟ್ ಪ್ರಯೋಜನವಿಲ್ಲ, ಅದು 102.3 ಎಫ್‌ಎಂ.

ಕ್ಯಾಬಿನೆಟ್ ತೀರಾ ಪೇಲವ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಅಂಗಡಿಯವರು ಮಾತ್ರ ಒಳ್ಳೆಯವರು, ಡಬ್ಬಿ ಬಿಚ್ಚಿ ನೋಡಲು ಬಿಡುತ್ತಾರೆ. ಇನ್ನೂ ಕೆಲವು ಉಳಿದಿವೆ. ಹೋಗುವಾಗ ಮಲ್ಟಿಮೀಟರ್ ಒಯ್ದು ಪ್ರತಿ ಕಾಯಿಲ್‌ನ ಕಂಟಿನ್ಯುಟಿ ಅಲ್ಲೇ ನೋಡಿ. ಒಂದು ಕಾಯಿಲ್ ತುಂಡಾಗಿದ್ದರೂ ಆ ಡಬ್ಬಿಗೆ ನೂರು ರೂಪಾಯಿಯೂ ಜಾಸ್ತಿ.