ಝೀರೋ ಆರ್‌ಬಿ, ಹೀರೋ ಆರ್‌ಬಿ, ರೋಬಸ್ಟ್ ಆರ್‌ಬಿ: ಮಾಕ್ ಡ್ರಾಫ್ಟ್‌ನಲ್ಲಿ ಒರೆಗೆ ಹಚ್ಚಿ ನೋಡಿದಾಗ

ನಮ್ಮ ಕ್ರಿಕೆಟ್ ಫ್ಯಾಂಟಸಿ ಆ್ಯಪ್‌ಗಳಲ್ಲಿ ಕೊಹ್ಲಿಯನ್ನು ಲಕ್ಷ ಜನ ಒಟ್ಟಿಗೆ ತಮ್ಮ ತಂಡಕ್ಕೆ ಹಾಕಿಕೊಳ್ಳಬಹುದು. ಅಮೆರಿಕದ ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಅಲ್ಲಿ ಡ್ರಾಫ್ಟ್‌ನಲ್ಲಿ, ಅಂದರೆ ಸರದಿಯ ಮೇಲೆ ಒಬ್ಬೊಬ್ಬರೇ ಆಟಗಾರನನ್ನು ಆರಿಸುವಾಗ, ಒಮ್ಮೆ ಹೋದವನು ಬೇರೆಯವರಿಗಿಲ್ಲ. ಹನ್ನೆರಡು ತಂಡಗಳ ಲೀಗ್‌ನಲ್ಲಿ ಸ್ಟಾರ್ ಆಟಗಾರ ಜಮಾರ್ ಚೇಸ್ ಒಂದೇ ತಂಡದ ಪಾಲು. ಮಿಕ್ಕ ಹನ್ನೊಂದು ಜನ ಸೀಸನ್ ಪೂರ್ತಿ ಅವರ ಎದುರು ಆಡಬೇಕು. ಆದ್ದರಿಂದ ಆಟಗಾರ ಎಷ್ಟು ಒಳ್ಳೆಯವನು ಎಂಬುದರ ಜೊತೆಗೆ, ನಿಮ್ಮ ಮುಂದಿನ ಸರದಿ ಬರುವಷ್ಟರಲ್ಲಿ ಅವನಂಥವರು ಎಷ್ಟು ಜನ ಉಳಿದಿರುತ್ತಾರೆ ಎಂಬುದನ್ನೂ ತಿಳಿದಿರಬೇಕು. ಮಾಕ್ ಡ್ರಾಫ್ಟ್, ಅಂದರೆ ಅಭ್ಯಾಸದ ಡ್ರಾಫ್ಟ್, ಮಾಡುವುದೇ ಇದಕ್ಕೆ. ಶೀರ್ಷಿಕೆಯಲ್ಲಿರುವ ಮೂರೂ ಹೆಸರು ರನ್ನಿಂಗ್ ಬ್ಯಾಕ್‌ಗಳನ್ನು (ಆರ್‌ಬಿ) ಯಾವಾಗ ಆರಿಸಬೇಕು ಎಂಬ ತಂತ್ರಗಳವು.

ಕೆಳಗಿನ ಹೋಲಿಕೆಗೆಲ್ಲ ಒಂದೇ ಅಳತೆ ಇಟ್ಟುಕೊಂಡಿದ್ದೇವೆ: 12 ತಂಡ, 15 ಸುತ್ತು, ಒಂದು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು), ಎರಡು ರನ್ನಿಂಗ್ ಬ್ಯಾಕ್ (ಚೆಂಡು ಹೊತ್ತು ಓಡುವವರು), ಎರಡು ವೈಡ್ ರಿಸೀವರ್ (ಪಾಸ್ ಹಿಡಿಯುವವರು), ಒಂದು ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಪಾಸ್ ಹಿಡಿಯುವ ಎರಡೂ ಕೆಲಸದವನು), ಒಂದು ಫ್ಲೆಕ್ಸ್ (ಬ್ಯಾಕ್, ರಿಸೀವರ್, ಟೈಟ್ ಎಂಡ್ ಯಾರಾದರೂ ಸರಿ), ಕಿಕ್ಕರ್, ಡಿಫೆನ್ಸ್, ಬೆಂಚ್‌ನಲ್ಲಿ ಆರು. ನಿಮ್ಮ ಲೀಗ್ ಇದಕ್ಕಿಂತ ಬೇರೆಯಾಗಿದ್ದರೆ ತೀರ್ಪೂ ಬದಲಾಗುತ್ತದೆ. ಎಲ್ಲಿ ಬದಲಾಗುತ್ತದೆ ಎಂಬುದನ್ನು ಅಲ್ಲಲ್ಲೇ ಹೇಳಿದ್ದೇವೆ.

ಮೊದಲು ಅಂಕದ ನಿಯಮ ನೋಡಿ

ತಂತ್ರದ ಹೆಸರು ಹಿಡಿದು ಹೊರಡುವ ಮುಂಚೆ ಲೀಗ್‌ನ ಸೆಟ್ಟಿಂಗ್ಸ್ ಪುಟ ತೆರೆಯಿರಿ. ಓಡಿ ಅಥವಾ ಹಿಡಿದು ಗಳಿಸಿದ ಹತ್ತು ಗಜಕ್ಕೆ 1 ಅಂಕ, ಹಾಗೆ ಗಳಿಸಿದ ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದ್ದಕ್ಕೆ) 6 ಅಂಕ ಬಹುತೇಕ ಎಲ್ಲ ಕಡೆ ಒಂದೇ. ವ್ಯತ್ಯಾಸ ಇರುವುದು ಒಂದು ಕ್ಯಾಚ್‌ಗೆ ಎಷ್ಟು ಅಂಕ (ಪಾಯಿಂಟ್ಸ್ ಪರ್ ರಿಸೆಪ್ಶನ್, ಪಿಪಿಆರ್) ಎನ್ನುವುದರಲ್ಲಿ: ಫುಲ್ ಪಿಪಿಆರ್‌ನಲ್ಲಿ 1, ಹಾಫ್ ಪಿಪಿಆರ್‌ನಲ್ಲಿ 0.5, ಸ್ಟ್ಯಾಂಡರ್ಡ್‌ನಲ್ಲಿ ಸೊನ್ನೆ.

2024ರ ಸೀಸನ್ನಿನ ಇಬ್ಬರನ್ನು ಅಕ್ಕಪಕ್ಕ ಇಡೋಣ. ಸಿನ್ಸಿನಾಟಿಯ ರಿಸೀವರ್ ಚೇಸ್ 127 ಕ್ಯಾಚ್, 1,708 ಗಜ, 17 ಟಚ್‌ಡೌನ್. ಬಾಲ್ಟಿಮೋರ್‌ನ ರನ್ನಿಂಗ್ ಬ್ಯಾಕ್ ಡೆರಿಕ್ ಹೆನ್ರಿ ಓಟದಲ್ಲಿ 1,921 ಗಜ, 16 ಟಚ್‌ಡೌನ್, ಜೊತೆಗೆ 19 ಕ್ಯಾಚ್, 193 ಗಜ, 2 ಟಚ್‌ಡೌನ್. ಚೇಸ್ ಓಡಿ ಗಳಿಸಿದ ಚಿಲ್ಲರೆ ಗಜ, ಹೆನ್ರಿಯ ಫಂಬಲ್ (ಚೆಂಡು ಕೈಜಾರಿದ್ದು) ಎರಡನ್ನೂ ಬದಿಗಿಟ್ಟರೆ, ಸ್ಟ್ಯಾಂಡರ್ಡ್‌ನಲ್ಲಿ ಹೆನ್ರಿ 319.4, ಚೇಸ್ 272.8. ಹಾಫ್‌ನಲ್ಲಿ ಹೆನ್ರಿ 328.9, ಚೇಸ್ 336.3. ಫುಲ್‌ನಲ್ಲಿ ಹೆನ್ರಿ 338.4, ಚೇಸ್ 399.8. ಆಟಗಾರರು ಅವರೇ, ಆಡಿದ ಪಂದ್ಯಗಳೂ ಅವೇ. ಆದರೂ ಒಂದು ಲೀಗ್‌ನಲ್ಲಿ 47 ಅಂಕ ಹಿಂದಿದ್ದವರು ಇನ್ನೊಂದರಲ್ಲಿ 61 ಅಂಕ ಮುಂದಿದ್ದಾರೆ. ಫುಲ್ ಪಿಪಿಆರ್‌ಗೆಂದು ಬರೆದ ಸಲಹೆಯನ್ನು ಓದಿಕೊಂಡು ಸ್ಟ್ಯಾಂಡರ್ಡ್ ಲೀಗ್‌ನ ಡ್ರಾಫ್ಟ್‌ಗೆ ಕೂತರೆ ಎಡವುವುದು ಇಲ್ಲೇ.

ಮೂರು ದಾರಿ

ಝೀರೋ ಆರ್‌ಬಿ ಎಂಬ ಹೆಸರನ್ನು 2013ರಲ್ಲಿ ಚಲಾವಣೆಗೆ ತಂದವರು ಶಾನ್ ಸೀಗಲ್. ಮೊದಲ ಐದು ಸುತ್ತು ರನ್ನಿಂಗ್ ಬ್ಯಾಕ್‌ಗಳನ್ನು ಮುಟ್ಟುವುದಿಲ್ಲ. ಮೂರ್ನಾಲ್ಕು ಒಳ್ಳೆಯ ರಿಸೀವರ್, ಜೊತೆಗೆ ಮೇಲಿನ ಸಾಲಿನ ಟೈಟ್ ಎಂಡ್ ಅಥವಾ ಕ್ವಾರ್ಟರ್‌ಬ್ಯಾಕ್ ಕಟ್ಟಿಕೊಂಡು, ಆರರಿಂದ ಹದಿಮೂರರವರೆಗೆ ಐದಾರು ಬ್ಯಾಕ್‌ಗಳನ್ನು ಗುಡ್ಡೆ ಹಾಕುವುದು. ಅತಿ ಹೆಚ್ಚು ಪೆಟ್ಟು ತಿನ್ನುವವರು ರನ್ನಿಂಗ್ ಬ್ಯಾಕ್‌ಗಳು. ಒಬ್ಬ ಬಿದ್ದರೆ ಅವನ ಕೆಲಸ ಪೂರ್ತಿ ಹಿಂದಿದ್ದವನ ಕೈಗೆ ಬರುತ್ತದೆ ಎಂಬುದು ಇದರ ತರ್ಕ. 2024ರಲ್ಲಿ ಹೆಚ್ಚಿನ ಲೀಗ್‌ಗಳಲ್ಲಿ ಮೊದಲ ಪಿಕ್ (ಆಯ್ಕೆ) ಆಗಿ ಹೋದ ಕ್ರಿಶ್ಚಿಯನ್ ಮ್ಯಾಕ್‌ಕ್ಯಾಫ್ರಿ ಆಡಿದ್ದು ನಾಲ್ಕೇ ಪಂದ್ಯ. ಅವರ ಜಾಗಕ್ಕೆ ಬಂದ ಜಾರ್ಡನ್ ಮೇಸನ್ ಮೊದಲ ವಾರವೇ 147 ಗಜ ಓಡಿದರು.

ಆದರೆ ಅದೇ ವರ್ಷ ಇನ್ನೊಂದು ಮುಖವನ್ನೂ ತೋರಿಸಿತು. ಹೆನ್ರಿ, ಜಮೀರ್ ಗಿಬ್ಸ್, ಬಿಜಾನ್ ರಾಬಿನ್ಸನ್ ಹದಿನೇಳೂ ಪಂದ್ಯ ಆಡಿದರು. ಸೇಕ್ವಾನ್ ಬಾರ್ಕ್ಲಿ 2,005 ಗಜ ಓಡಿದರು. ದೊಡ್ಡ ಬ್ಯಾಕ್‌ಗಳು ಬೀಳದ ವರ್ಷ ಝೀರೋ ಆರ್‌ಬಿ ತಂಡಕ್ಕೆ ಪ್ರತಿ ವಾರ ಆ ಜಾಗದಲ್ಲಿ ಹೊಡೆತ. ನಮ್ಮ ಮಾಕ್‌ಗಳಲ್ಲಿ ಈ ದಾರಿ ಕೆಡುವುದು ಬಹುಪಾಲು ಎರಡು ಕಡೆ. ಮೊದಲನೆಯದು, ಮೂರನೇ ಸುತ್ತಿಗೇ ಕ್ವಾರ್ಟರ್‌ಬ್ಯಾಕ್, ನಾಲ್ಕಕ್ಕೆ ಟೈಟ್ ಎಂಡ್ ಎಂದು ಎರಡನ್ನೂ ಬೇಗ ಕೊಂಡುಬಿಡುವುದು. ಆಗ ಬ್ಯಾಕ್‌ಗಳೂ ಇಲ್ಲ, ರಿಸೀವರ್ ಸಾಲೂ ಬಲವಿಲ್ಲ. ಎರಡರಲ್ಲಿ ಒಂದೇ ಇರಲಿ. ಇನ್ನೊಂದು, ತಡವಾಗಿ ಕೊಳ್ಳುವ ಐದಾರು ಬ್ಯಾಕ್‌ಗಳೂ ಬದಲಿ ಆಟಗಾರರೇ ಆಗಿಬಿಡುವುದು. ಅವರು ಅಂಕ ತರುವುದು ಯಾರಾದರೂ ಗಾಯಗೊಂಡ ಮೇಲೆ. ಮೊದಲ ವಾರ ಯಾರನ್ನು ಆಡಿಸುತ್ತೀರಿ? ಐವರಲ್ಲಿ ಇಬ್ಬರಾದರೂ ಮೊದಲ ದಿನದಿಂದಲೇ ಪಾಸ್ ಹಿಡಿಯುವ ಕೆಲಸ ಇರುವವರಾಗಿರಬೇಕು. ಫುಲ್ ಪಿಪಿಆರ್, ಮೂರು ರಿಸೀವರ್ ಜಾಗ, ಬೆಂಚ್ ಆರಕ್ಕಿಂತ ಕಡಿಮೆ ಇಲ್ಲದ್ದು, ವಾರವಾರ ವೇವರ್ (ಯಾರ ತಂಡದಲ್ಲೂ ಇಲ್ಲದ ಆಟಗಾರರ ಪಟ್ಟಿ) ನೋಡುವ ಪುರುಸೊತ್ತು: ಇವು ನಾಲ್ಕೂ ಇದ್ದರೆ ಮಾತ್ರ ನಾವು ಝೀರೋ ಆರ್‌ಬಿಗೆ ಕೈ ಹಾಕುತ್ತೇವೆ.

ರೋಬಸ್ಟ್ ಆರ್‌ಬಿ ಇದರ ತದ್ವಿರುದ್ಧ: ಮೊದಲ ನಾಲ್ಕು ಸುತ್ತಿನಲ್ಲಿ ಮೂರು ಬ್ಯಾಕ್, ಮೂರನೆಯವನು ಫ್ಲೆಕ್ಸ್‌ಗೆ. ಸ್ಟ್ಯಾಂಡರ್ಡ್ ಅಂಕದ ಲೀಗ್‌ಗೆ ಸರಿಹೊಂದುತ್ತದೆ. 14 ತಂಡಗಳಿದ್ದು ವೇವರ್‌ನಲ್ಲಿ ಏನೂ ಉಳಿಯದ ಲೀಗ್‌ಗೂ ಹೌದು. ಫುಲ್ ಪಿಪಿಆರ್‌ನಲ್ಲಿ ಇದನ್ನು ಹಾಕಿ ನೋಡಿದರೆ ಐದನೇ ಸುತ್ತಿನ ಹೊತ್ತಿಗೆ ನಿಮ್ಮ ಮೊದಲ ರಿಸೀವರ್ ಬೇರೆಯವರ ಮೂರನೇ ರಿಸೀವರ್‌ಗೆ ಸಮ, ಆ ಕೊರತೆಯನ್ನು ಆಮೇಲೆ ತುಂಬುವುದು ಕಷ್ಟ.

ಹೀರೋ ಆರ್‌ಬಿ ನಡುದಾರಿ, ಮತ್ತು ಮೇಲೆ ಹೇಳಿದ ಅಳತೆಯ ಹಾಫ್ ಪಿಪಿಆರ್ ಲೀಗ್‌ಗೆ ನಮ್ಮ ಆಯ್ಕೆಯೂ ಅದೇ. ಮೊದಲ ಎರಡು ಸುತ್ತಿನಲ್ಲಿ ಒಬ್ಬ, ಒಬ್ಬನೇ, ಪೂರ್ತಿ ಕೆಲಸ ಇರುವ ಬ್ಯಾಕ್. ಆಮೇಲೆ ಆರನೇ ಸುತ್ತಿನ ತನಕ ರಿಸೀವರ್‌ಗಳು, ಎಣಿಸಿದ್ದಕ್ಕಿಂತ ತಡವಾಗಿಯೂ ಉಳಿದಿದ್ದರೆ ಒಬ್ಬ ಟೈಟ್ ಎಂಡ್. ಹೇಳಲು ಸುಲಭ, ಪಾಲಿಸಲು ಕಷ್ಟ, ಏಕೆಂದರೆ ಮೂರರಿಂದ ಆರನೇ ಸುತ್ತಿನ ನಡುವೆ ಪರದೆ ಮೇಲೆ ಪರಿಚಿತ ಬ್ಯಾಕ್‌ಗಳ ಹೆಸರೇ ಸಾಲುಗಟ್ಟಿ ನಿಂತಿರುತ್ತವೆ. ಬಲ್ಲವರು ಈ ಜಾಗವನ್ನು ಡೆಡ್ ಝೋನ್ ಎನ್ನುತ್ತಾರೆ. ಅಲ್ಲಿ ಸಿಗುವ ಬ್ಯಾಕ್‌ಗಳಲ್ಲಿ ಹೆಚ್ಚಿನವರು ತಂಡದಲ್ಲಿ ಜಾಗ ಖಾಲಿ ಇದೆ ಎಂಬ ಕಾರಣಕ್ಕೆ ಮೇಲೆ ಬಂದವರು: ಕ್ಯಾಚ್ ಕಡಿಮೆ, ಗೋಲ್ ಗೆರೆ ಹತ್ತಿರದ ಚೆಂಡು ಇನ್ನೊಬ್ಬನ ಕೈಗೆ, ಅಕ್ಟೋಬರ್ ಹೊತ್ತಿಗೆ ಅರ್ಧ ಕೆಲಸ ಕೈತಪ್ಪಿರುತ್ತದೆ. ಅದೇ ಸುತ್ತುಗಳಲ್ಲಿ ಸಿಗುವ ರಿಸೀವರ್‌ಗಳು ತಮ್ಮ ತಂಡದ ಪಾಸ್‌ಗಳಿಗೆ ಒಂದನೇ ಅಥವಾ ಎರಡನೇ ಗುರಿಯಾಗಿರುತ್ತಾರೆ.

ಹೀರೋ ಆರ್‌ಬಿ ಕೆಡುವ ಬಗೆಯೂ ಗೊತ್ತಿರಲಿ. ಆ ಒಬ್ಬ ಬ್ಯಾಕ್‌ ಗಾಯಗೊಂಡರೆ ನಿಮ್ಮದು ಒಂದು ರಿಸೀವರ್ ಕಡಿಮೆ ಇರುವ ಝೀರೋ ಆರ್‌ಬಿ ತಂಡವಾಗುತ್ತದೆ. ಆದ್ದರಿಂದ ಹತ್ತನೇ ಸುತ್ತಿನಾಚೆ ಅವನದೇ ತಂಡದ ಬದಲಿ ಬ್ಯಾಕ್‌ಗೆ ಒಂದು ಬೆಂಚ್ ಜಾಗ ಮೀಸಲಿಡುತ್ತೇವೆ. ಆ ಬದಲಿ ಯಾರೆಂದು ಸ್ಪಷ್ಟವಿದ್ದರೆ ಮಾತ್ರ. ಇಬ್ಬರು ಮೂವರು ಹಂಚಿಕೊಳ್ಳುವಂತಿದ್ದರೆ ಆ ಜಾಗ ವ್ಯರ್ಥ.

ಕ್ವಾರ್ಟರ್‌ಬ್ಯಾಕ್ ವಿಷಯ ಇಷ್ಟು ಉದ್ದ ಬೇಡ. ಅಮೆರಿಕದ ನಿಜವಾದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡ, ನಿಮ್ಮ ಲೀಗ್‌ಗೆ ಬೇಕಾದ್ದು 12 ಜನ, ಹಾಗಾಗಿ ಕಾಯಬಹುದು. ಪಾಸಿಂಗ್ ಟಚ್‌ಡೌನ್‌ಗೆ 4 ಅಂಕವಿದ್ದರೆ ಓಡಬಲ್ಲವನಿಗೆ ಬೆಲೆ ಹೆಚ್ಚು. 2024ರಲ್ಲಿ ರೂಕಿ (ಮೊದಲ ವರ್ಷದ ಆಟಗಾರ) ಜೇಡನ್ ಡೇನಿಯಲ್ಸ್ ಓಟದಲ್ಲೇ 891 ಗಜ ಗಳಿಸಿದರು, ಅಂದರೆ ಪಾಸ್ ಲೆಕ್ಕಕ್ಕೆ ಬರುವ ಮುಂಚೆಯೇ 89 ಅಂಕ. ಸೂಪರ್‌ಫ್ಲೆಕ್ಸ್ (ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನೂ ಆಡಿಸಬಹುದಾದ ಜಾಗ) ಇರುವ ಲೀಗ್‌ನಲ್ಲಿ ಮಾತ್ರ ಕಾಯಬೇಡಿ, ಮೊದಲ ಮೂರು ಸುತ್ತಿನಲ್ಲಿ ಒಬ್ಬರನ್ನಾದರೂ ಹಿಡಿಯಿರಿ. ಟೈಟ್ ಎಂಡ್‌ನಲ್ಲಿ ನಾವು ಬೇಗ ಕೊಳ್ಳುವವರಲ್ಲ. 2023ರಲ್ಲಿ ಸ್ಯಾಮ್ ಲಪೋರ್ಟಾ, 2024ರಲ್ಲಿ 112 ಕ್ಯಾಚ್ ಹಿಡಿದ ಬ್ರಾಕ್ ಬವರ್ಸ್, ಪಿಪಿಆರ್‌ನಲ್ಲಿ ಆ ಜಾಗದ ಮೇಲಿನವರಿಬ್ಬರೂ ಹೊಸಬರೇ. ಕಿಕ್ಕರ್, ಡಿಫೆನ್ಸ್ ಕೊನೆಯ ಎರಡು ಸುತ್ತಿಗೆ, ಅದಕ್ಕಿಂತ ಮುಂಚೆ ಎಂದೂ ಬೇಡ.

ಎಲ್ಲಿ ಅಭ್ಯಾಸ ಮಾಡುವುದು

ಫ್ಯಾಂಟಸಿಪ್ರೋಸ್‌ನಂಥ ಸಿಮ್ಯುಲೇಟರ್‌ನಲ್ಲಿ ಎದುರಾಳಿಗಳೆಲ್ಲ ಕಂಪ್ಯೂಟರ್. ಕೆಲವೇ ನಿಮಿಷದಲ್ಲಿ ಹದಿನೈದು ಸುತ್ತು ಮುಗಿಯುತ್ತದೆ. ಒಂದೇ ಸಂಜೆ ಮೂರೂ ದಾರಿಯನ್ನು ಒಂದೇ ಸರದಿಯಿಂದ ಹಾಕಿ ನೋಡಬಹುದು. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಕಂಪ್ಯೂಟರ್ ಹೆಚ್ಚುಕಡಿಮೆ ಎಡಿಪಿಯನ್ನು, ಅಂದರೆ ಆಟಗಾರ ಸರಾಸರಿ ಎಷ್ಟನೇ ಪಿಕ್‌ಗೆ ಹೋಗುತ್ತಾನೆ ಎಂಬ ಅಂಕಿಯನ್ನು, ಹಿಡಿದು ನಡೆಯುತ್ತದೆ. ಒಬ್ಬರು ಕ್ವಾರ್ಟರ್‌ಬ್ಯಾಕ್ ಕೊಂಡರೆಂದು ಉಳಿದ ನಾಲ್ವರು ಗಾಬರಿಬಿದ್ದು ಕೊಳ್ಳುವುದು ಮನುಷ್ಯರ ಗುಣ, ಕಂಪ್ಯೂಟರ್‌ನದಲ್ಲ. ಊರಿನ ತಂಡದ ಮೋಹವೂ ಅದಕ್ಕಿಲ್ಲ. ಡಲ್ಲಾಸ್‌ನ ಆಫೀಸ್ ಲೀಗ್‌ನಲ್ಲಿ ಕೌಬಾಯ್ಸ್ ಆಟಗಾರರೂ ಬೇ ಏರಿಯಾದಲ್ಲಿ ಫಾರ್ಟಿನೈನರ್ಸ್ ಆಟಗಾರರೂ ಪಟ್ಟಿಗಿಂತ ಬೇಗ ಹೋಗುತ್ತಾರೆ. ಕೊನೆಯಲ್ಲಿ ಬರುವ ದರ್ಜೆಯನ್ನಂತೂ ನಂಬಬೇಡಿ: ಯಾವ ಅಂದಾಜು ಪಟ್ಟಿಯಿಂದ ಸಲಹೆ ಬಂತೋ ಅದೇ ಪಟ್ಟಿಯಿಂದ ಅಂಕವೂ ಬರುವುದರಿಂದ, ಹೇಳಿದಂತೆ ಕೇಳಿದವರಿಗೆ ಎ ಸಿಕ್ಕೇ ಸಿಗುತ್ತದೆ.

ಇಎಸ್‌ಪಿಎನ್, ಯಾಹೂ ಮುಂತಾದ ಕಡೆ ಅಪರಿಚಿತರೊಂದಿಗೆ ಆಡುವ ಉಚಿತ ಲಾಬಿಗಳಿವೆ. ಗಡಿಯಾರದ ಒತ್ತಡ ನಿಜವಾದದ್ದು. ಮೊದಲ ಐದಾರು ಸುತ್ತು ಚೆನ್ನಾಗಿರುತ್ತದೆ; ಅಲ್ಲಿಂದ ಜನ ಎದ್ದು ಹೋಗುತ್ತಾರೆ, ಅವರ ಜಾಗದಲ್ಲಿ ಆಟೋಪಿಕ್ ಕೂರುತ್ತದೆ. ಹಾಗಾಗಿ ಲಾಬಿ ಮಾಕ್‌ನ ಮೊದಲರ್ಧವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಲ್ಲಿ ಸಿಗುವ ದೊಡ್ಡ ಲಾಭ ಬೇರೆ: ನಿಮ್ಮ ನಿಜವಾದ ಡ್ರಾಫ್ಟ್ ಯಾವ ಆ್ಯಪ್‌ನಲ್ಲಿದೆಯೋ ಅದೇ ಆ್ಯಪ್‌ನ ಲಾಬಿಯಲ್ಲಿ ಆಡಿದರೆ, ನಿಮ್ಮ ಜೊತೆಯವರಿಗೆ ಆ ದಿನ ಕಾಣುವ ಪಟ್ಟಿಯೇ ನಿಮಗೂ ಕಾಣುತ್ತದೆ. ಹೆಚ್ಚಿನವರು ಆಯ್ಕೆ ಮಾಡುವುದು ಪರದೆಯಲ್ಲಿ ಮೇಲಿರುವ ಏಳೆಂಟು ಹೆಸರುಗಳಿಂದಲೇ. ಒಬ್ಬ ಆಟಗಾರ ಒಂದು ಆ್ಯಪ್‌ನ ಪಟ್ಟಿಯಲ್ಲಿ 55ನೇ ಜಾಗದಲ್ಲಿದ್ದು, ಇನ್ನೊಂದರಲ್ಲಿ 80ರಲ್ಲಿದ್ದರೆ, ಎರಡನೇ ಆ್ಯಪ್‌ನಲ್ಲಿ ಆಡುವವರು ಅವನಿಗಾಗಿ ಒಂದೂವರೆ ಸುತ್ತು ಕಾಯಬಹುದು. ಹಾಗಾಗಿ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು 15ಕ್ಕಿಂತ ಹೆಚ್ಚು ಅಂತರ ಇರುವ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ನಮ್ಮ ಮಟ್ಟಿಗೆ ಇಡೀ ತಯಾರಿಯಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಟ್ಟ ಕೆಲಸ ಇನ್ನೊಂದಿಲ್ಲ.

ಸ್ಲೀಪರ್ ಆ್ಯಪ್‌ನಲ್ಲಿ ಸ್ನೇಹಿತರಿಗೆ ಲಿಂಕ್ ಕಳಿಸಿ ಸ್ವಂತ ಮಾಕ್ ಕೋಣೆ ಮಾಡಬಹುದು. ಬಾರದವರ ಜಾಗವನ್ನು ಕಂಪ್ಯೂಟರ್ ತುಂಬುತ್ತದೆ. ಲೀಗ್‌ನ ನಾಲ್ಕೈದು ಜನ ಬಂದರೂ ಸಾಕು, ಅವರ ಚಾಳಿ ತಿಳಿಯುತ್ತದೆ.

ಅಂಡರ್‌ಡಾಗ್ ಆ್ಯಪ್‌ನ ಬೆಸ್ಟ್ ಬಾಲ್ (ಡ್ರಾಫ್ಟ್ ಆದ ಮೇಲೆ ತಂಡ ಮುಟ್ಟದೆ, ಪ್ರತಿ ವಾರ ಹೆಚ್ಚು ಅಂಕ ತಂದವರೇ ತಾವಾಗಿ ಲೆಕ್ಕಕ್ಕೆ ಬರುವ ಆಟ) ಡ್ರಾಫ್ಟ್‌ನಲ್ಲಿ ದುಡ್ಡು ಕಟ್ಟಿ ಕೂತವರು ಕೊನೆಯ ಪಿಕ್ ತನಕ ಮನಸ್ಸಿಟ್ಟು ಆಡುತ್ತಾರೆ. ಆದರೆ ಅದು 18 ಸುತ್ತು, ಹಾಫ್ ಪಿಪಿಆರ್, ಮೂರು ರಿಸೀವರ್. ಕಿಕ್ಕರ್, ಡಿಫೆನ್ಸ್ ಇಲ್ಲ, ವೇವರ್ ಇಲ್ಲ. ಅಲ್ಲಿ ರಿಸೀವರ್‌ಗಳು ಬೇಗ ಬೇಗ ಹೋಗುತ್ತಾರೆ. ಆಫೀಸ್ ಲೀಗ್‌ನಲ್ಲಿ ಅದೇ ನಡೆಯುತ್ತದೆಂದು ಎಣಿಸಿದರೆ ಒಂದೊಂದು ಸುತ್ತು ಬೇಗ ಕೊಂಡು ಬೆಲೆ ತೆರುತ್ತೀರಿ. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿರುವುದರಿಂದ ಇಲ್ಲಿರುವವರಿಗೆ ಉಚಿತ ಮಾಕ್‌ಗಳೇ ದಾರಿ.

ಸರದಿಯ ಲೆಕ್ಕ

ಸ್ನೇಕ್ ಡ್ರಾಫ್ಟ್‌ನಲ್ಲಿ, ಅಂದರೆ ಪ್ರತಿ ಸುತ್ತಿಗೂ ಸರದಿ ತಿರುಗುಮುರುಗಾಗುವ ಡ್ರಾಫ್ಟ್‌ನಲ್ಲಿ, ಮೊದಲನೇ ಜಾಗದವರ ಪಿಕ್‌ಗಳು 1, 24, 25, 48, 49. ಆರನೆಯವರದು 6, 19, 30, 43, 54. ಹನ್ನೆರಡನೆಯವರದು 12, 13, 36, 37, 60. ತುದಿಯಲ್ಲಿರುವವರಿಗೆ ಎರಡು ಪಿಕ್‌ಗಳ ನಡುವೆ 22 ಆಟಗಾರರು ಹೋಗಿರುತ್ತಾರೆ. ಮಧ್ಯದವರಿಗೆ ಹತ್ತು ಅಥವಾ ಹನ್ನೆರಡು. ಆದ್ದರಿಂದ ತುದಿಯಲ್ಲಿ ಬೇಕಾದವನನ್ನು ಪಟ್ಟಿಗಿಂತ ಹತ್ತು ಜಾಗ ಮೊದಲೇ ತೆಗೆದುಕೊಳ್ಳುವುದು ತಪ್ಪಲ್ಲ. ಮಧ್ಯದಲ್ಲಿ ಕೂತವರು ಮಾತ್ರ ಕಾಯಬಹುದು.

11ನೇ ಜಾಗದವರಿಗೆ ಒಂದು ಒಳದಾರಿ ಇದೆ. 11 ಮತ್ತು 14ರ ನಡುವೆ ಪಿಕ್ ಮಾಡುವುದು ಹನ್ನೆರಡನೆಯವರೊಬ್ಬರೇ. ಮುಂದೆ 59 ಮತ್ತು 62ರ ನಡುವೆಯೂ ಅವರೇ. ಆ ಹೊತ್ತಿಗೆ ಅವರ ಬಳಿ ಕ್ವಾರ್ಟರ್‌ಬ್ಯಾಕ್ ಇದ್ದರೆ ನೀವು 59ಕ್ಕೆ ರಿಸೀವರ್ ತೆಗೆದುಕೊಂಡು 62ಕ್ಕೆ ಬಹುತೇಕ ನಿಶ್ಚಿಂತೆಯಿಂದ ಕ್ವಾರ್ಟರ್‌ಬ್ಯಾಕ್ ಕೊಳ್ಳಬಹುದು. ಎರಡನೇ ಜಾಗದವರಿಗೆ 23 ಮತ್ತು 26ರ ನಡುವೆ ಇದೇ ಅನುಕೂಲ. ಮಾಕ್‌ನಲ್ಲಿ ಪಕ್ಕದ ತಂಡದ ಪಟ್ಟಿ ತೆರೆದು ನೋಡುವ ರೂಢಿ ಮಾಡಿಕೊಳ್ಳಿ.

ಮಾಕ್ ಮುಗಿದ ಮೇಲೆ ನಿಮ್ಮ ತಂಡದ ಅಂದಚಂದ ನೋಡಬೇಡಿ. ಐದರಿಂದ ಒಂಬತ್ತನೇ ಸುತ್ತಿನ ತನಕ ನಿಮ್ಮ ಪ್ರತಿ ಸರದಿಯಲ್ಲಿ ಯಾವ ಜಾಗದ ಎಷ್ಟು ಒಳ್ಳೆಯ ಆಟಗಾರರು ಉಳಿದಿದ್ದರು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿ. ಕೆಲವು ಮಾಕ್ ಆದ ಮೇಲೆ ಆ ಹಾಳೆಯೇ ಹೇಳುತ್ತದೆ: ಆರನೇ ಸುತ್ತಿನಲ್ಲಿ ನಿಮಗೊಪ್ಪುವ ಬ್ಯಾಕ್‌ಗಳು ಪ್ರತಿ ಸಲ ನಾಲ್ವರು ಉಳಿಯುತ್ತಿದ್ದರೆ ಹೀರೋ ಆರ್‌ಬಿ ನಡೆಯುತ್ತದೆ, ಒಬ್ಬರೂ ಉಳಿಯದಿದ್ದರೆ ಎರಡನೇ ಬ್ಯಾಕ್‌ನನ್ನು ಡೆಡ್ ಝೋನ್‌ಗೂ ಮುಂಚೆ, ಎರಡನೇ ಸುತ್ತಿನಲ್ಲೇ ತೆಗೆದುಕೊಳ್ಳಬೇಕು.

ಅಮೆರಿಕದ ಸಹೋದ್ಯೋಗಿಗಳ ಲೀಗ್‌ಗೆ ಬೆಂಗಳೂರಿನಿಂದ ಸೇರುವವರಿಗೆ ಇನ್ನೊಂದು ಲೆಕ್ಕವಿದೆ. ನ್ಯೂಯಾರ್ಕ್‌ನ ರಾತ್ರಿ 8 ಗಂಟೆಯ ಡ್ರಾಫ್ಟ್ ಇಲ್ಲಿ ಮರುದಿನ ಬೆಳಗಿನ 5.30. ನೆಟ್ ಕೈಕೊಟ್ಟರೂ ಪಿಕ್ ಕೆಡದಂತೆ ಆ್ಯಪ್‌ನ ಕ್ಯೂನಲ್ಲಿ (ಮುಂದೆ ಆರಿಸಬೇಕೆಂದಿರುವವರ ಸಾಲಿನಲ್ಲಿ) ಯಾವಾಗಲೂ ಐದು ಹೆಸರು ಇರಲಿ. ಸೀಸನ್ ಶುರುವಾದ ಮೇಲೆ ಭಾನುವಾರದ ಮೊದಲ ಪಂದ್ಯಗಳು ಇಲ್ಲಿನ ರಾತ್ರಿ 10.30ಕ್ಕೆ, ಆಡದವರ ಪಟ್ಟಿ ಅದಕ್ಕೂ ಒಂದೂವರೆ ಗಂಟೆ ಮುಂಚೆ, 9ಕ್ಕೆ ಬರುತ್ತದೆ. ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಹಿಂದೆ ಹೋದ ಮೇಲೆ ಎಲ್ಲವೂ ಒಂದು ಗಂಟೆ ತಡ. ಎರಡನೇ ಸರದಿಯ ಪಂದ್ಯಗಳು ಮಾತ್ರ ನಡುರಾತ್ರಿ ದಾಟಿ ಒಂದೂವರೆಯ ಸುಮಾರಿಗೆ ಶುರುವಾಗುತ್ತವೆ, ಅವುಗಳಲ್ಲಿ ಆಡದವರ ಪಟ್ಟಿ ಬರುವಷ್ಟರಲ್ಲಿ ನಡುರಾತ್ರಿಯಾಗಿರುತ್ತದೆ. ಆದ್ದರಿಂದ ಆಡುವುದು ಅನುಮಾನವಿರುವ ಬ್ಯಾಕ್‌ಗಳನ್ನು ಕೊಳ್ಳುವಾಗ ಅವರ ತಂಡ ಪಶ್ಚಿಮ ಕರಾವಳಿಯದೋ ಅಲ್ಲವೋ ಎಂದು ನೋಡಿಕೊಳ್ಳಿ: ಆ ತಂಡಗಳ ತವರಿನ ಪಂದ್ಯಗಳು ಹೆಚ್ಚಾಗಿ ಈ ಎರಡನೇ ಸರದಿಯಲ್ಲೇ ಬೀಳುತ್ತವೆ.