ಚಳಿಗಾಲದಲ್ಲಿ ಚಿಕ್ಕ ವಿಮಾನ: ಬೆಟ್ಟ ದಾಟಿ ನೇರ ಹೋಗೋದಾ, ಬಯಲಲ್ಲಿ ಸುತ್ಕೊಂಡು ಹೋಗೋದಾ?

ನೇರ ದಾರಿ 300 ನಾಟಿಕಲ್ ಮೈಲಿ, ಸುತ್ತು ದಾರಿ 360 ಅಂತಿಟ್ಕೊಳ್ಳಿ. 100 ನಾಟ್, ಅಂದ್ರೆ ಗಂಟೆಗೆ 100 ನಾಟಿಕಲ್ ಮೈಲಿ ಓಡೋ ಸಿಂಗಲ್ ಎಂಜಿನ್ ವಿಮಾನಕ್ಕೆ ಗಾಳಿ ಇಲ್ದಿದ್ರೆ ವ್ಯತ್ಯಾಸ 36 ನಿಮಿಷ ಅಷ್ಟೇ. ಆದ್ರೆ ಬೆಟ್ಟ ದಾಟೋಕೆ ಎತ್ತರ ಬೇಕೇ ಬೇಕು, ಚಳಿಗಾಲದಲ್ಲಿ ಮೇಲಿನ ಗಾಳಿ ಜೋರು, ಅಲ್ಲಿ 40 ನಾಟ್ ಎದುರುಗಾಳಿ ಸಿಕ್ರೆ 3 ಗಂಟೆ ಪ್ರಯಾಣ 5 ಗಂಟೆ ಆಗತ್ತೆ, ಅದೇ ಕೆಳಗೆ ಬಯಲಲ್ಲಿ 15 ನಾಟ್ ಇದ್ರೆ ಸುತ್ತು ದಾರೀನೇ ನಾಲ್ಕೂಕಾಲು ಗಂಟೇಲಿ ಮುಗಿಯತ್ತೆ.

ನನಗೆ ನಿಜವಾಗ್ಲೂ ಭಯ ಇರೋದು ಐಸ್ ವಿಷ್ಯದಲ್ಲಿ. ಸೊನ್ನೆಯಿಂದ ಮೈನಸ್ 20 ಡಿಗ್ರಿ ಒಳಗಿನ ಮೋಡಕ್ಕೆ ನುಗ್ಗಿದ್ರೆ ರೆಕ್ಕೆಯ ಮುಂದಿನ ಅಂಚಿಗೆ ಐಸ್ ಕಟ್ಟಬಹುದು, ಬಯಲಲ್ಲಾದ್ರೆ ಕೆಳಗೆ ಬೆಚ್ಚಗಿನ ಗಾಳಿ ಇದ್ದಾಗ ಇಳಿದು ಬಚಾವಾಗಬಹುದು, ಬೆಟ್ಟದ ಮೇಲೆ ಇಳಿಯೋಕೆ ಜಾಗಾನೇ ಇರಲ್ಲ. ಅದ್ರ ಮೇಲೆ ಚಳೀಲಿ ಆಲ್ಟಿಮೀಟರ್ (ಎತ್ತರ ಅಳೆಯೋ ಮೀಟರ್) ಇರೋದಕ್ಕಿಂತ ಜಾಸ್ತಿ ಎತ್ತರ ತೋರ್ಸತ್ತೆ, ಆ ಎತ್ತರಕ್ಕೆ ಲೆಕ್ಕ ಹಿಡಿದಿರೋ ಸ್ಟ್ಯಾಂಡರ್ಡ್ ತಾಪಮಾನಕ್ಕಿಂತ ಪ್ರತಿ 10 ಡಿಗ್ರಿ ಕಮ್ಮಿಗೆ ಸುಮಾರು 4 ಪರ್ಸೆಂಟ್.

ಆಕಾಶ ತಿಳಿಯಾಗಿ ಗಾಳಿ ನಿಂತಿರೋ ದಿನ ಮಾತ್ರ ನೇರ ದಾರಿ ಚೆಂದ, ತಣ್ಣನೆ ದಟ್ಟ ಗಾಳೀಲಿ ವಿಮಾನ ಸಲೀಸಾಗಿ ಏರತ್ತೆ. ಉಳಿದ ದಿನ ಸುತ್ತು ದಾರೀನೇ, ಮಧ್ಯೆ ಇಳಿಯೋಕೆ ಏರ್‌ಸ್ಟ್ರಿಪ್‌ಗಳೂ ಸಿಗ್ತವೆ.

ಯಾವ ದಾರಿ ಆದ್ರೂ ಹೊರಡೋ ಮುಂಚೆ ಗ್ಲೌಸ್ ತೆಗೆದು ರೆಕ್ಕೆ ಮೇಲೆ ಬರಿಗೈ ಆಡ್ಸಿ, ಸ್ಯಾಂಡ್ ಪೇಪರ್ ಥರ ತರಿತರಿ ತಗುಲಿದ್ರೆ ಅದು ಹಿಮದ ಪದರ, ಪೂರ್ತಿ ತೆಗೆಯೋವರೆಗೂ ಟೇಕಾಫ್ ಬೇಡ.